ಬಿ-ಓ-ಡಬ್ಲ್ಯು: ‘ಬೋ’ ಎಲ್ಲಿ, ‘ಬೌ’ ಎಲ್ಲಿ? ಕಲೋತ್ಸವಕ್ಕೆ ಮೊದಲು ಗೊತ್ತಾಗಬೇಕಿತ್ತು

ಬದಿಯಡ್ಕದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಕೇರಳದ ಶಾಲೆಗಳ ಕಲಾಸ್ಪರ್ಧೆ ಉಂಟಲ್ಲ, ಆ ಉಪಜಿಲ್ಲಾ ಕಲೋತ್ಸವಕ್ಕೆ ಇಂಗ್ಲಿಷ್ ಕಂಠಪಾಠದಲ್ಲಿ ಶಾಲೆಯಿಂದ ಅವಳು ಹೋಗುವುದೆಂದು ಆಗಿದೆ. ಪದ್ಯದಲ್ಲಿ ಒಬ್ಬ ಬೇಡ ಬಿಲ್ಲು ಹಿಡಿದು ಕಾಡಿನಿಂದ ಬರುತ್ತಾನೆ, ಕಡೆಯ ಚರಣದಲ್ಲಿ ಅರಸನ ಎದುರು ತಲೆ ಬಾಗುತ್ತಾನೆ. ಬಿಲ್ಲಿಗೂ ಬಾಗುವುದಕ್ಕೂ ಬರೆದಿರುವುದು ಒಂದೇ ಶಬ್ದ: ಬಿ, ಓ, ಡಬ್ಲ್ಯು. ಶಾಲೆಯೊಳಗಿನ ಸ್ಪರ್ಧೆಯಲ್ಲಿ ಅವಳು ಎರಡನ್ನೂ ‘ಬೌ’ ಎಂದು ಓದಿದಳು. ತೀರ್ಪು ಕೊಟ್ಟವರು ‘ಒಂದು ಉಚ್ಚಾರ ತಪ್ಪು’ ಎಂದು ಬರೆದರು, ಯಾವುದು ಅಂತ ಹೇಳಲಿಲ್ಲ. ಈಗ ಒಬ್ಬ ಟೀಚರ್ ಎರಡೂ ‘ಬೋ’ ಅಂತಾರೆ, ಟ್ಯೂಷನ್‌ನವರು ಎರಡೂ ‘ಬೌ’ ಅಂತಾರೆ. ಮಗು ಊಟ ಮಾಡುವಾಗಲೂ ಅದನ್ನೇ ಕೇಳ್ತಾ ಉಂಟು. ನಾನು ಹತ್ತನೆಯ ತನಕ ಇಲ್ಲೇ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವಳು. ಸರಿಯಾಗಿ ಗೊತ್ತಿರುವವರು ದಯವಿಟ್ಟು ಹೇಳಿ. ಸ್ಪರ್ಧೆಗೆ ಇನ್ನು ಒಂಬತ್ತು ದಿನ ಉಂಟು.

ಪೆರ್ಲದ ನಿವೃತ್ತ ಮಾಷ್ಟ್ರು
ಅಮ್ಮಾ, ಮೊದಲು ಮಗುವಿಗೆ ಹೇಳಿ, ಅವಳು ಓದಿದ್ದರಲ್ಲಿ ಅರ್ಧ ಸರಿ. ಅರಸನ ಎದುರು ಬಾಗುವುದು ‘ಬೌ’. ಬೇಡನ ಕೈಯಲ್ಲಿರುವ ಬಿಲ್ಲು ‘ಬೋ’. ಒಂದೇ ಪದ್ಯದಲ್ಲಿ ಎರಡೂ ಬಂದದ್ದು ಒಳ್ಳೆಯದೇ ಆಯಿತು, ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ನಮ್ಮ ಮಕ್ಕಳಿಗೆ ಇದು ನಾಲಿಗೆಗೆ ಕಷ್ಟವಲ್ಲ. ಓ ಮತ್ತು ಔ ನಮ್ಮ ಕಾಗುಣಿತದಲ್ಲಿ ಪಕ್ಕ ಪಕ್ಕದಲ್ಲೇ ಉಂಟು. ಕೊ ಕೋ ಕೌ ಎಂದು ರಾಗ ಹಾಕಿ ಹೇಳಿ ಬೆಳೆದವರು ನಾವು. ಬೋ ಅನ್ನುವಾಗ ಕೊನೆಯಲ್ಲಿ ತುಟಿ ಸ್ವಲ್ಪ ಉರುಟು ಮಾಡಿ ನಿಲ್ಲಿಸಲಿ, ಇಂಗ್ಲಿಷಿನವರ ಓಕಾರದ ಬಾಲದಲ್ಲಿ ತೆಳ್ಳಗೆ ಒಂದು ಉಕಾರ ಇರುತ್ತದೆ. ಬೌ ಅನ್ನುವಾಗ ಬಾಯಿ ಆಕಾರಕ್ಕೆ ತೆರೆದು ಉಕಾರಕ್ಕೆ ಮುಚ್ಚಲಿ. ‘ಬವ್ವು’ ಎಂದು ಒತ್ತಬಾರದು.

ಮುಳ್ಳೇರಿಯ ಪಿಎಸ್‌ಸಿ
ಮಾಷ್ಟ್ರೇ, ಹಾಗಾದರೆ ನಾಮಪದ ಆದರೆ ಬೋ, ಕ್ರಿಯಾಪದ ಆದರೆ ಬೌ ಅಂತ ಬರೆದಿಟ್ಟುಕೊಳ್ಳಬಹುದಾ?

ಪೆರ್ಲದ ನಿವೃತ್ತ ಮಾಷ್ಟ್ರು
ಬೇಡ. ನಾನೂ ಕೆಲವು ವರ್ಷ ಹಾಗೆಯೇ ಕಲಿಸಿದವನು, ಅದು ಎರಡು ದಿನವೂ ನಿಲ್ಲುವುದಿಲ್ಲ. ಆಟ ಮುಗಿದ ಮೇಲೆ ನಟ ಸಭೆಗೆ ತಲೆ ಬಾಗುವುದನ್ನು ಇಂಗ್ಲಿಷಿನಲ್ಲಿ ನಾಮಪದವಾಗಿ ಹೇಳಿದರೂ ಅದು ‘ಬೌ’. ಹಡಗಿನ ಮುಂಭಾಗ ನಾಮಪದ, ಅದೂ ‘ಬೌ’. ಇತ್ತ ಪಿಟೀಲಿನ ಮೇಲೆ ಕಮಾನು ಎಳೆಯುವುದು ಕ್ರಿಯೆ, ಅದು ‘ಬೋ’. ವ್ಯಾಕರಣ ನೋಡಿದರೆ ಆಗುವುದಿಲ್ಲ, ಅರ್ಥ ನೋಡಬೇಕು.

ಕುಂಬಳೆ ಪಿಟೀಲು
ಮಾಷ್ಟ್ರು ಪಿಟೀಲು ಅಂದದ್ದಕ್ಕೆ ಬಂದೆ. ಹದಿನೆಂಟು ವರ್ಷದಿಂದ ಮಕ್ಕಳಿಗೆ ಪಿಟೀಲು ಹೇಳಿಕೊಡ್ತಿದ್ದೇನೆ. ನಮ್ಮಲ್ಲಿ ಹಳಬರು ಕಮಾನು ಅಂತಾರೆ, ಈಗಿನವರು ಬೋ ಅಂತಾರೆ. ಕಮಾನು ಪಾರಸಿಯಿಂದ ಬಂದ ಶಬ್ದ, ಅಲ್ಲಿಯೂ ಅದರ ಅರ್ಥ ಬಿಲ್ಲು ಎಂದೇ. ಆ ಕೋಲಿಗೆ ಕುದುರೆಬಾಲದ ಕೂದಲು ಕಟ್ಟಿರುತ್ತದೆ. ಹಳೆಯ ಕಾಲದ ಕಮಾನು ಹೊರಕ್ಕೆ ಬಾಗಿ ನಿಜಕ್ಕೂ ಬೇಟೆಯ ಬಿಲ್ಲಿನ ಹಾಗೇ ಇತ್ತು, ಈಗಿನದು ಕೂದಲಿನ ಕಡೆಗೆ ಒಳಕ್ಕೆ ಬಾಗಿದೆ. ಆಕಾರ ತಿರುಗಿದರೂ ಹೆಸರು ಉಳಿಯಿತು.

ಕಮಾನು ಎಳೆಯುವ ವಿದ್ಯೆಗೆ ‘ಬೋಯಿಂಗ್’ ಅಂತಾರೆ, ವಿಮಾನದ ಕಂಪೆನಿಯ ಹೆಸರಿನ ಹಾಗೇ ಕೇಳಿಸುತ್ತದೆ. ಅದನ್ನು ‘ಬೌಯಿಂಗ್’ ಅಂದರೆ ತಲೆ ಬಾಗಿಸುವುದು ಎಂದಾಗುತ್ತದೆ. ಒಬ್ಬ ಹುಡುಗಿ ವೇದಿಕೆಯಲ್ಲಿ ಇಂಗ್ಲಿಷಿನಲ್ಲಿ ಪರಿಚಯ ಓದುವಾಗ ನನ್ನ ‘ಬೌಯಿಂಗ್’ ಚಂದ ಅಂತ ಓದಿಬಿಟ್ಟಳು, ಪಾಪ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವಳ ತಪ್ಪಲ್ಲ. ಆಮೇಲೆ ನಾನೇ ಕೂತು ಹೇಳಿಕೊಟ್ಟೆ.

ಉಪ್ಪಳದಿಂದ ಶಾರ್ಜಾ
ಹೆಣ್ಣುಮಕ್ಕಳ ತಲೆಗೆ ರಿಬ್ಬನ್ನಿನಲ್ಲಿ ಎರಡು ಕಿವಿ ಬಿಟ್ಟು ಕಟ್ಟುವ ಗಂಟೂ ಬೋ. ಬೋ ಟೈ ಗೊತ್ತುಂಟಲ್ಲ, ಅದೇ ಬೋ. ಶೂ ಲೇಸಿನದ್ದೂ ಅದೇ. ಇಲ್ಲಿ ಅಂಗಡಿಯಲ್ಲಿ ದಿನಾ ಹೇಳುವ ಶಬ್ದ.

ನೀರ್ಚಾಲು ಮರದ ಕೆಲಸ
ಉದ್ದದ ಹಲಗೆ ಒಣಗುವಾಗ ನಡು ಎದ್ದು ಬಾಗಿ ಬಿಡ್ತದಲ್ಲ, ಮರದ ದೋಷಗಳ ಪಟ್ಟಿಯಲ್ಲಿ ಅದಕ್ಕೂ ಇದೇ ಶಬ್ದ. ಅದು ಬೋ ಆಗಬೇಕಾ ಬೌ ಆಗಬೇಕಾ? ಬಾಗುವುದು ಅಂತ ತೆಗೆದುಕೊಂಡರೆ ಬೌ ಆಗಬೇಕಲ್ಲ?

ಮಂಜೇಶ್ವರ ಶಬ್ದಾಸಕ್ತೆ
ಒಳ್ಳೆ ಪ್ರಶ್ನೆ ಅಣ್ಣ. ಅದು ‘ಬೋ’. ಹಲಗೆ ಯಾರಿಗೂ ಮಣಿಯಲಿಲ್ಲ, ಬಿಲ್ಲಿನ ಆಕಾರ ತಾಳಿತು. ಅದಕ್ಕೇ ಕಾಲು ಹೊರಕ್ಕೆ ಬಾಗಿದವರಿಗೆ ಹೇಳುವ ಶಬ್ದದಲ್ಲೂ ‘ಬೋ’. ಬಿಲ್ಲಿನ ಹಾಗೆ ಆಗಿದೆ ಅನ್ನುವಲ್ಲೆಲ್ಲ ಬೋ, ತಲೆಯೋ ಮೈಯೋ ಬಗ್ಗಿಸುವುದು, ಮಣಿಯುವುದು ಅನ್ನುವಲ್ಲೆಲ್ಲ ಬೌ. ಒತ್ತಡಕ್ಕೆ ಮಣಿದರು, ವಿಧಿಗೆ ತಲೆಬಾಗಿದರು, ಸ್ಪರ್ಧೆಯಿಂದ ಹಿಂದೆ ಸರಿದರು, ಇವೆಲ್ಲ ‘ಬೌ’.

ಇದು ಹೀಗೆ ಯಾಕಾಯಿತು ಎಂದು ತಿಳಿದರೆ ಬಾಯಿಪಾಠ ಬೇಕಾಗುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇದು ಎರಡು ಉಚ್ಚಾರದ ಒಂದು ಶಬ್ದ ಎಂದು ತಿಳಿಯುವುದರಿಂದಲೇ ಗೊಂದಲ. ಇವು ಮೂರು ಬೇರೆ ಬೇರೆ ಶಬ್ದಗಳು, ಒಂದೇ ಅಂಗಿ ಹಾಕಿಕೊಂಡಿವೆ. ಹಳೆಯ ಇಂಗ್ಲಿಷಿನಲ್ಲಿ ಬಿಲ್ಲಿಗೆ ‘ಬೊಗ’ ಎಂಬಂಥ ಶಬ್ದ, ಬಾಗುವುದಕ್ಕೆ ‘ಬೂಗನ್’. ಬಾಗಿದ್ದರಿಂದಲೇ ಬಿಲ್ಲು, ಹಾಗಾಗಿ ಇವೆರಡು ಒಂದೇ ಬೇರಿನ ಅಕ್ಕತಂಗಿಯರು. ನಡುವಿನ ಗಕಾರ ಕಾಲಕ್ರಮದಲ್ಲಿ ಸವೆದು ವಕಾರವಾಯಿತು. ಬಿಲ್ಲಿನ ಸ್ವರ ‘ಒ’ ಮತ್ತು ‘ಉ’ ಕೂಡಿದ್ದಾಗಿ ಉಳಿಯಿತು, ಬಾಗುವುದರದ್ದು ದೀರ್ಘ ‘ಊ’. ಆಮೇಲೆ ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದವು. ಅದಕ್ಕೆ ಮಹಾ ಸ್ವರಪಲ್ಲಟ ಅನ್ನುತ್ತಾರೆ. ಆಗ ಊಕಾರಗಳು ಔಕಾರವಾದವು: ‘ಹೂಸ್’ ಎಂದಿದ್ದ ಮನೆ ‘ಹೌಸ್’ ಆಯಿತು, ‘ಕೂ’ ಎಂದಿದ್ದ ದನ ‘ಕೌ’ ಆಯಿತು. ಸ್ಕಾಟ್‌ಲೆಂಡಿನ ಆಡುಮಾತಿನಲ್ಲಿ ಇಂದಿಗೂ ದನ ‘ಕೂ’, ಮನೆ ‘ಹೂಸ್’. ‘ಬೂ’ ಎಂದಿದ್ದ ಬಾಗು ಈ ಗುಂಪಿನ ಜೊತೆ ಹೋಗಿ ‘ಬೌ’ ಆಯಿತು. ಬಿಲ್ಲು ಆ ಗುಂಪಿನಲ್ಲಿ ಇರಲಿಲ್ಲ, ಅದು ‘ಗ್ರೋ’, ‘ನೋ’ಗಳ ಸಾಲಿನಲ್ಲಿ ನಿಂತಿತು.

ಅಷ್ಟರಲ್ಲಿ ಅಚ್ಚುಕೂಟ ಬಂದಾಗಿತ್ತು. ಇಂಗ್ಲೆಂಡಿಗೆ ವಿಲಿಯಂ ಕ್ಯಾಕ್ಸ್‌ಟನ್ ಮುದ್ರಣ ತಂದದ್ದು 1476ರಲ್ಲಿ. ಬಾಯಿ ಮುಂದೆ ನಡೆಯಿತು, ಬರಹ ಅಲ್ಲಲ್ಲೇ ನಿಂತಿತು. ಮಗುವಿನ ಗೊಂದಲದ ಹಿಂದೆ ಇಷ್ಟು ಕಥೆ ಉಂಟು.

ಬದಿಯಡ್ಕದ ಅಮ್ಮ
ಇದನ್ನು ಅವಳಿಗೆ ಓದಿ ಹೇಳಿದೆ. ‘ಹಾಗಾದರೆ ನಂದು ತಪ್ಪಲ್ಲ, ಬರೆದವರದ್ದು’ ಅಂದಳು. ಮೂರು ಶಬ್ದ ಅಂದಿರಿ ಅಕ್ಕ, ಮೂರನೆಯದು ಯಾವುದು?

ಕಸಬಾ ಕಡಪ್ಪುರ
ಮೂರನೆಯದು ನಮ್ಮದು. ಅಪ್ಪ ದೋಣಿಯಲ್ಲಿ ಹೋಗುವವರು, ನಾನು ಮರ್ಚೆಂಟ್ ನೇವಿ. ದೋಣಿಯ ಮೂತಿಗೆ ನಮ್ಮ ಕಡೆ ಮಲಯಾಳದಲ್ಲಿ ‘ಅಣಿಯಂ’ ಅಂತಾರೆ, ಹಿಂದಿನದ್ದು ‘ಅಮರಂ’. ಹಡಗಿನಲ್ಲಿ ಅಣಿಯಂ ಅಂದರೆ ‘ಬೌ’. ಅಲ್ಲಿ ಯಾರೂ ಬೋ ಅನ್ನುವುದಿಲ್ಲ. ಬಂದರಿನೊಳಗೆ ದೊಡ್ಡ ಹಡಗಿನ ಮೂತಿಯನ್ನು ಪಕ್ಕಕ್ಕೆ ತಳ್ಳಲಿಕ್ಕೆ ನೀರಿನ ಕೆಳಗೆ ಅಡ್ಡಕ್ಕೆ ಒಂದು ಪಂಖ ಇರುತ್ತದೆ, ಅದು ಬೌ ಥ್ರಸ್ಟರ್. ಮೂತಿಯ ಕೆಳಗೆ ಉರುಟು ಗಡ್ಡೆ ಹಾಗೆ ಮುಂದಕ್ಕೆ ಬಂದಿರುವುದು ಬಲ್ಬಸ್ ಬೌ, ಅಲೆಯ ಎದುರೊತ್ತು ಕಡಿಮೆ ಮಾಡಲಿಕ್ಕೆ.

ಆದರೆ ಒಂದು ವಿಚಿತ್ರ ಉಂಟು. ಹಡಗಿಗೆ ಹೋದವರಿಗೆ ಮೊದಲಲ್ಲೇ ಕಲಿಸುವ ಒಂದು ಗಂಟು, ಹಗ್ಗದ ತುದಿಯಲ್ಲಿ ಕುಣಿಕೆ ಬರುತ್ತದೆ, ಎಷ್ಟು ಎಳೆದರೂ ಜಾರುವುದಿಲ್ಲ, ಬೇಕಾದಾಗ ಸಲೀಸಾಗಿ ಬಿಚ್ಚಬಹುದು. ಹಾಯಿಯ ಅಂಚನ್ನು ಬೌ ಕಡೆಗೆ ಎಳೆದು ಹಿಡಿಯುತ್ತಿದ್ದ ಹಗ್ಗದಿಂದ ಬಂದ ಹೆಸರು ಅದು. ಬರೆಯುವಾಗ ಬೌ ಮತ್ತು ಲೈನ್. ಹೇಳುವಾಗ ‘ಬೌಲೈನ್’ ಅಲ್ಲ, ‘ಬೋಲಿನ್’. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬಕ್ಕೂ ಬ್ರಿಟಿಷರು ‘ಬೋಸ್ಪ್ರಿಟ್’ ಅಂತಾರೆ. ಯಾಕೆ ಅಂತ ಅಕ್ಕ ಹೇಳಬೇಕು.

ಮಂಜೇಶ್ವರ ಶಬ್ದಾಸಕ್ತೆ
ತಮ್ಮಾ, ನೀವು ‘ಅಣಿಯಂ’ ಬರೆದದ್ದು ಓದಿ ತುಂಬಾ ಸಂತೋಷ ಆಯಿತು. ನನ್ನಲ್ಲಿ ಆ ಶಬ್ದ ಇರಲಿಲ್ಲ.

ಬೋಲಿನ್ ಹಳೆಯ ಸಮಾಸ. ಸಮಾಸದೊಳಗೆ ಸಿಕ್ಕಿದ ಶಬ್ದ ಒಂಟಿ ಶಬ್ದದ ಹಾಗೆ ಬೆಳೆಯುವುದಿಲ್ಲ, ಅದರ ದಾರಿಯೇ ಬೇರೆ. ಅದನ್ನು ನಾವಿಕರ ಬಾಯಿಯಿಂದ ಕೇಳಿಯೇ ಕಲಿಯಬೇಕು, ನೀವು ಕಲಿತ ಹಾಗೆ.

ಹಡಗಿನ ಬೌ ಬಗ್ಗೆ ಹೇಳುತ್ತೇನೆ. ಅದಕ್ಕೂ ಬಾಗುವುದಕ್ಕೂ ಸಂಬಂಧವಿಲ್ಲ. ಉತ್ತರ ಸಮುದ್ರದ ಆಚೆಯ ನಾವಿಕರ ಮಾತಿನಿಂದ ಇಂಗ್ಲಿಷಿಗೆ ಬಂದದ್ದು, ಮೂಲದಲ್ಲಿ ಅದರ ಅರ್ಥ ಹೆಗಲು, ತೋಳು. ಹಡಗಿನ ಹೆಗಲು. ಮರದ ದೊಡ್ಡ ಕೊಂಬೆಗೆ ಇಂಗ್ಲಿಷಿನಲ್ಲಿ ಬಿ-ಓ-ಯು-ಜಿ-ಎಚ್ ಎಂದು ಬರೆದು ‘ಬೌ’ ಅನ್ನುತ್ತಾರಲ್ಲ, ಅದೂ ಇದರ ಒಡಹುಟ್ಟು: ಮರದ ತೋಳು. ಇದೇ ಮೂಲದಿಂದ ಸಂಸ್ಕೃತದಲ್ಲಿ ಉಳಿದದ್ದು ‘ಬಾಹು’. ಇನ್ನು ಬಿಲ್ಲು ಮತ್ತು ಬಾಗುವುದರ ಬೇರಿಗೆ ಸಂಸ್ಕೃತದಲ್ಲಿ ಸಿಗುವುದು ‘ಭುಜ್’, ಅಂದರೆ ಬಾಗು. ಮಡಚಿ ಬಾಗುವುದು ಎಂದು ‘ಭುಜ’, ಬಾಗಿ ಬಳುಕಿ ಹೋಗುವುದು ಎಂದು ‘ಭುಜಂಗ’. ನಾವು ಯಕ್ಷಗಾನದ ಪದಗಳಲ್ಲಿ ದಿನಾ ಕೇಳುವ ಭುಜ, ಬಾಹು ಎರಡೂ ಬೇರೆ ಬೇರೆ ಬೇರಿನವು. ಇಂಗ್ಲಿಷಿನಲ್ಲಿ ಆ ಎರಡೂ ಬೇರುಗಳು ಒಂದೇ ಮೂರಕ್ಷರಕ್ಕೆ ಬಂದು ಕೂತಿವೆ. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ನಡೆದಾಡಿದ್ದೆ, ಅಷ್ಟು ಖುಷಿಯಾಗಿತ್ತು.

ಕುಂಬಳೆ ಪಿಟೀಲು
ಹಾಗಾದರೆ ನಮ್ಮ ಕನ್ನಡದ ‘ಬಾಗು’ ಕೂಡ ಅದೇ ಬೇರು ಅಲ್ಲವಾ? ಬೌ, ಬೂಗನ್, ಬಾಗು. ಕೇಳಲಿಕ್ಕೆ ಒಂದೇ ಹಾಗೆ ಉಂಟು!

ಮಂಜೇಶ್ವರ ಶಬ್ದಾಸಕ್ತೆ
ಹಾಗೆ ಕಾಣುವುದು ಸಹಜ, ಆದರೆ ಅಲ್ಲ. ಇದಕ್ಕೆ ಉತ್ತರ ಕಾಸರಗೋಡಿನವರ ಕಿವಿಯಲ್ಲೇ ಉಂಟು. ನಮ್ಮ ಎಷ್ಟೋ ಬಕಾರಗಳು ಹಿಂದೆ ವಕಾರವಾಗಿದ್ದವು. ನಾವು ಬಿಲ್ಲು ಅಂದರೆ ಮಲಯಾಳದವರು ವಿಲ್ಲ್ ಅಂತಾರೆ. ಬಾಳೆ ಅವರಿಗೆ ವಾೞ. ಬಾಯಿ ವಾಯ, ಬೇರು ವೇರ್, ಬಿತ್ತು ವಿತ್ತ್, ಬಲೆ ವಲ. ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಈ ಜೋಡಿಗಳು ಕಿವಿಗೆ ಬೀಳುತ್ತವೆ. ‘ಬಾಗು’ ಕೂಡ ಈ ಸಾಲಿನದ್ದು, ಹಳೆಯ ತಮಿಳಿನಲ್ಲಿ ಬಾಗುವುದಕ್ಕೆ ‘ವಾಂಗು’ ಉಂಟು. ನಮ್ಮ ಬಾಗು ವಕಾರದಿಂದ ಬಂದದ್ದು, ಇಂಗ್ಲಿಷಿನದ್ದು ಮೊದಲಿನಿಂದಲೂ ಬಕಾರದ್ದು. ದಾರಿಯಲ್ಲಿ ಎದುರಾದಾಗ ಒಂದೇ ಬಣ್ಣದ ಕೊಡೆ ಹಿಡಿದಿದ್ದರು, ಅಷ್ಟೆ.

ಪೆರ್ಲದ ನಿವೃತ್ತ ಮಾಷ್ಟ್ರು
ಈ ಮಾತನ್ನು ತರಗತಿಯಲ್ಲಿ ಹೇಳಬೇಕಿತ್ತು ಎಂದು ಈಗ ಅನಿಸುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಆಡುವವರು. ಶಬ್ದ ಹೇಗೆ ಬದಲಾಗುತ್ತದೆ ಎಂದು ಅವರಿಗೆ ಹೊರಗಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಸೇರಿಸುತ್ತೇನೆ. ನಮ್ಮಲ್ಲಿ ಇಂಗ್ಲಿಷಿಗಿಂತ ಬೇರೆ ರೀತಿ ಆಯಿತು. ಹಳಗನ್ನಡದಲ್ಲಿ ‘ಅರಿ’ ಅಂದರೆ ಕತ್ತರಿಸು, ‘ಅಱಿ’ ಅಂದರೆ ತಿಳಿ. ಎರಡು ರಕಾರಕ್ಕೆ ಎರಡು ಅಕ್ಷರ ಇತ್ತು. ಬಾಯಲ್ಲಿ ಎರಡೂ ಒಂದಾದವು, ಬರಹದಲ್ಲೂ ಒಂದಾದವು, ದೊಡ್ಡ ರಕಾರ ಪುಸ್ತಕದಿಂದಲೇ ಹೋಯಿತು. ಮಲಯಾಳದಲ್ಲಿ ಇಂದಿಗೂ ತರಕಾರಿ ಹೆಚ್ಚುವುದು ‘ಅರಿಯುಕ’, ತಿಳಿಯುವುದು ‘ಅಱಿಯುಕ’. ಅಲ್ಲಿ ರಕಾರ ತಪ್ಪಿದರೆ ಅರ್ಥ ತಪ್ಪುತ್ತದೆ ಎಂದು ನಮ್ಮ ಊರಿನ ಚಿಕ್ಕ ಮಗುವಿಗೂ ಗೊತ್ತು. ಬೋ ಮತ್ತು ಬೌ ಅದೇ ಜಾತಿಯ ಎಚ್ಚರ ಬೇಡುತ್ತದೆ.

ಮುಳ್ಳೇರಿಯ ಪಿಎಸ್‌ಸಿ
ಕಾಮನಬಿಲ್ಲು ರೈನ್‌ಬೋ ಅಂತ ಎಲ್ಲರೂ ಸರಿಯಾಗಿ ಹೇಳ್ತೇವೆ. ಅದರಿಂದಲೇ ನೆನಪಿಟ್ಟರೆ ಆಯಿತಲ್ಲ? ಮಲಯಾಳದ ಮೞವಿಲ್ಲ್ ಅಂದರೂ ಮಳೆ ಮತ್ತು ಬಿಲ್ಲು. ಇಂಗ್ಲಿಷಿನಲ್ಲೂ ಮಳೆ ಮತ್ತು ಬಿಲ್ಲು.

ಮಂಜೇಶ್ವರ ಶಬ್ದಾಸಕ್ತೆ
ಅದಕ್ಕಿಂತ ಒಳ್ಳೆ ಗುರುತು ಇಲ್ಲ. ಎಲ್‌ಬೋ ಕೂಡ ಹಾಗೇ. ‘ಎಲ್’ ಅಂದರೆ ಮುಂಗೈಯ ಅಳತೆ, ನಮ್ಮ ಮೊಳ. ‘ಬೋ’ ಅಂದರೆ ಬಾಗಿದ ಜಾಗ. ಮೊಳ ಬಾಗುವ ಜಾಗ. ನಾವೂ ಮೊಳದಿಂದಲೇ ಮೊಳಕೈ ಮಾಡಿಕೊಂಡೆವು, ಮೊಣಕೈ ಆದದ್ದು ಆಮೇಲೆ. ಹೂವಿನವಳು ಮಲ್ಲಿಗೆ ಅಳೆಯುವಾಗ ಮೊಣಕೈಯಿಂದ ಬೆರಳ ತುದಿಗೆ ಹಿಡಿಯುವುದನ್ನು ಮಗುವಿಗೆ ತೋರಿಸಿ.

ಭೂಗೋಳದ ಪಾಠದಲ್ಲಿ ಬರುವ ಆಕ್ಸ್‌ಬೋ ಸರೋವರವೂ ಬೋ. ನೊಗದ ಕೆಳಗೆ ಎತ್ತಿನ ಕತ್ತು ಬಳಸಿ ಬರುವ ಬಾಗಿದ ಮರಕ್ಕೆ ಅಲ್ಲಿ ಆ ಹೆಸರು, ಹೊಳೆ ತನ್ನ ತಿರುವನ್ನು ಬಿಟ್ಟು ನೇರ ಹರಿದಾಗ ಉಳಿಯುವ ಕೆರೆ ಅದೇ ಆಕಾರದಲ್ಲಿ ಇರುತ್ತದೆ. ಲಂಡನ್ನಿನಲ್ಲಿ ಸೇಂಟ್ ಮೇರಿ ಲೆ ಬೋ ಎಂಬ ಇಗರ್ಜಿ ಉಂಟು, ನೆಲಮಾಳಿಗೆಯ ಕಲ್ಲಿನ ಕಮಾನುಗಳಿಂದ ಬಂದ ಹೆಸರು, ಅದೂ ಬೋ. ಅದರ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ಹುಟ್ಟಿದವನೇ ಅಸಲು ಕಾಕ್ನಿ ಎಂದು ಅಲ್ಲಿನವರು ಹೇಳುತ್ತಾರೆ. ಕಲ್ಲಿನ ಬಾಗಿಗೆ ಅವರು ಬೋ ಎಂದರು. ನಮ್ಮಲ್ಲೂ ಬಾಗಿಲ ಮೇಲಿನ ಬಾಗಿಗೂ ಪಿಟೀಲಿನ ಕೋಲಿಗೂ ಒಂದೇ ಕಮಾನು ಶಬ್ದ ಸಾಕಾಯಿತು.

ಉಪ್ಪಳದಿಂದ ಶಾರ್ಜಾ
ಒಂದು ಸಂಶಯ. ದೇವಸ್ಥಾನದಲ್ಲಿ ಅಡ್ಡ ಬೀಳುವುದಕ್ಕೆ ಬೌ ಅನ್ನಬಹುದಾ?

ಪೆರ್ಲದ ನಿವೃತ್ತ ಮಾಷ್ಟ್ರು
ಬೌ ಅಂದರೆ ನಿಂತೋ ಕೂತೋ ತಲೆ ಅಥವಾ ಸೊಂಟ ಬಗ್ಗಿಸುವುದು. ಅಡ್ಡ ಬೀಳುವುದಕ್ಕೆ ಅದು ಸಾಲುವುದಿಲ್ಲ, ಅಲ್ಲಿ ಬೇರೆಯೇ ಶಬ್ದ ಬೇಕು. ಕೈಮುಗಿಯುವುದಕ್ಕೂ ಅದು ಪೂರ್ತಿ ಹೊಂದುವುದಿಲ್ಲ, ನಾವು ತಲೆ ಬಗ್ಗಿಸದೆಯೂ ಕೈ ಮುಗಿಯುತ್ತೇವೆ. ಕನ್ನಡದಲ್ಲಿ ಬಾಗು, ಬಗ್ಗು, ಮಣಿ, ನಮಿಸು, ಎರಗು, ಅಡ್ಡ ಬೀಳು ಎಂದು ಒಂದೊಂದು ಅಳತೆಗೆ ಒಂದೊಂದು ಶಬ್ದ ಉಂಟು. ಮಕ್ಕಳು ಅನುವಾದ ಮಾಡುವಾಗ ಎಲ್ಲದಕ್ಕೂ ಬೌ ಹಾಕುತ್ತಾರೆ. ಅದನ್ನು ತಿದ್ದಬೇಕು.

ಮುಳ್ಳೇರಿಯ ಪಿಎಸ್‌ಸಿ
ಇದೇ ರೀತಿಯ ಬೇರೆ ಶಬ್ದ ಉಂಟಾ?

ಮಂಜೇಶ್ವರ ಶಬ್ದಾಸಕ್ತೆ
ಉಂಟು. ಬಿತ್ತುವುದು ‘ಸೋ’, ಹೆಣ್ಣು ಹಂದಿ ‘ಸೌ’. ಸಾಲು ‘ರೋ’, ಹುಟ್ಟು ಹಾಕುವುದೂ ‘ರೋ’, ಜಗಳ ‘ರೌ’. ಬರೆಯುವುದು ಒಂದೇ.

ಬದಿಯಡ್ಕದ ಅಮ್ಮ
ಇಂದು ಸ್ಪರ್ಧೆ ಆಯಿತು. ಅವಳು ಪದ್ಯದ ಕಾಗದದಲ್ಲಿ ಮೊದಲನೆಯ ಶಬ್ದದ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಕಾಮನಬಿಲ್ಲು ಬರೆದಿದ್ದಳು, ಎರಡನೆಯದರ ಮೇಲೆ ತಲೆ ತಗ್ಗಿಸಿ ನಿಂತ ಮನುಷ್ಯ. ವೇದಿಕೆಯಲ್ಲಿ ಕಾಗದ ಹಿಡಿಯಲಿಕ್ಕಿಲ್ಲ, ಆದರೂ ಅದು ಕಣ್ಣ ಮುಂದೆ ಇತ್ತಂತೆ. ‘ಬೋ’ ಅಂದಾಗ ನನ್ನ ಉಸಿರು ಅಲ್ಲೇ ನಿಂತಿತ್ತು. ಕಡೆಯ ಚರಣದಲ್ಲಿ ‘ಬೌ’ ಅಂದು ತಾನೂ ಸ್ವಲ್ಪ ತಲೆ ಬಾಗಿದಳು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎ ಗ್ರೇಡ್ ಬಂತು, ಮೊದಲ ಸ್ಥಾನ ಬೇರೆ ಶಾಲೆಗೆ ಹೋಯಿತು. ಈ ಸಲ ಉಚ್ಚಾರದ ಬಗ್ಗೆ ಯಾರೂ ಏನೂ ಬರೆಯಲಿಲ್ಲ.

ನಿಮ್ಮೆಲ್ಲರಿಗೂ ಅವಳ ನಮಸ್ಕಾರ. ಕಡಪ್ಪುರದ ಮಾವನ ಹತ್ತಿರ ಒಂದು ಕೇಳಲಿಕ್ಕೆ ಉಂಟಂತೆ: ಬೋಲಿನ್ ಗಂಟು ದನ ಕಟ್ಟಲಿಕ್ಕೆ ಆಗ್ತದಾ?

ಕಸಬಾ ಕಡಪ್ಪುರ
ಆಗ್ತದೆ ಪುಟ್ಟೀ, ಚಂದ ಆಗ್ತದೆ. ಕುಣಿಕೆ ಬಿಗಿಯುವುದಿಲ್ಲ, ದನದ ಕುತ್ತಿಗೆ ಒತ್ತುವುದಿಲ್ಲ. ಹಗ್ಗದಲ್ಲಿ ಒಂದು ಸಣ್ಣ ಸುರುಳಿ ಮಾಡು, ತುದಿಯನ್ನು ಕೆಳಗಿನಿಂದ ಅದರೊಳಗೆ ಮೇಲಕ್ಕೆ ತಾ, ಉದ್ದ ಹಗ್ಗದ ಹಿಂದಿನಿಂದ ಒಂದು ಸುತ್ತು ಹಾಕಿ ಪುನಃ ಅದೇ ಸುರುಳಿಯೊಳಗೆ ಇಳಿಸಿ ಎಳಿ. ಮೊದಲು ಮಂಚದ ಕಾಲಿಗೆ ಕಟ್ಟಿ ನೋಡು. ದನಕ್ಕೆ ಕಟ್ಟುವಾಗ ಅಮ್ಮ ಹತ್ತಿರ ಇರಲಿ.